ಕರೆ ಎಂದು ಒತ್ತಿದವಳು

ಕೇಳುವುದೇ ಅವಳ ಕೆಲಸ. ಬೇರೇನೂ ಅಲ್ಲ, ಬರೀ ಕೇಳುವುದು. ಎದುರುಮನೆಯ ದರ್ಜಿಯ ಹೆಂಡತಿಗೆ ಇದನ್ನು ಹೇಳಿ ನಂಬಿಸುವಷ್ಟರಲ್ಲಿ ಅವಳಿಗೆ ಸಾಕುಸಾಕಾಗಿತ್ತು.

"ಕೇಳೋದಕ್ಕೆ ಸಂಬಳನಾ? ಮದುವೆ ಆದಾಗಿನಿಂದ ನಮ್ಮತ್ತೆ ಮಾತು ಕೇಳ್ತಾ ಇದ್ದೀನಲ್ಲ ತಾಯಿ, ಯಾವ ಪುಣ್ಯಾತ್ಮನೂ ಒಂದು ಕಾಸು ಬಿಚ್ಚಲಿಲ್ಲ!"

"ನಿಮ್ಮತ್ತೆ ಮಾತು ಕೇಳೋಕೆ ಸಂಬಳ ಸಾಲಲ್ಲ ಬಿಡಿ, ಪಿಂಚಣಿನೂ ಕೊಡಬೇಕು" ಅಂತ ಇವಳು ನಗುತ್ತ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತಿದ್ದಳು.

ಕೆಲಸ ಹೀಗಿತ್ತು. ಈಗ ಸುಮಾರು ಮನೆಗಳಲ್ಲಿ ಬೋರಲು ಹಾಕಿದ ಲೋಟದಂಥ ಒಂದು ಯಂತ್ರ ಇರುತ್ತದಲ್ಲ, ಹೆಸರು ಹಿಡಿದು ಕರೆದರೆ ಎದ್ದು ಗಂಟೆ ಎಷ್ಟು ಅಂತ ಹೇಳುತ್ತದೆ, ಹಾಡು ಹಾಕುತ್ತದೆ, ದೀಪ ಆರಿಸುತ್ತದೆ. ಅದರದು ಕೋಳಿನಿದ್ದೆ. ಬಾಗಿಲು ಬಡಿದರೆ, ಯಾರಾದರೂ ಕೆಮ್ಮಿದರೆ, ಕರೆಯದಿದ್ದರೂ ಬೆಚ್ಚಿಬಿದ್ದು ಎದ್ದು, ಆಗ ಆ ಮನೆಯಲ್ಲಿ ಆಡುತ್ತಿದ್ದ ಮಾತನ್ನು ಒಂದು ಗುಟುಕು ನುಂಗಿಬಿಡುತ್ತದೆ. ಹಾಗೆ ನುಂಗಿದ ಗುಟುಕುಗಳೆಲ್ಲ ಎಲ್ಲೆಲ್ಲಿಂದಲೋ ಬಂದು ಒಂದು ಕೋಣೆಗೆ ಬೀಳುತ್ತಿದ್ದವು. ಆ ಕೋಣೆಯಲ್ಲಿ ಸಾಲಾಗಿ ಕೂತ ಹೆಂಗಸರು, ಕಿವಿಗೆ ಮೆತ್ತನೆಯ ಬಟ್ಟಲು, ಕೈಕೆಳಗೆ ಮೂರು ಗುಂಡಿ: ಕರೆ, ಕರೆಯಲ್ಲ, ಸದ್ದು. ಯಂತ್ರವನ್ನು ಯಾರಾದರೂ ನಿಜವಾಗಿ ಕರೆದಿದ್ದರೆ ಮೊದಲನೆಯದು. ಮನೆಯವರು ತಂತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದರೆ ಎರಡನೆಯದು. ಮಾತೇ ಅಲ್ಲದ್ದು, ಪಾತ್ರೆ ಬಿದ್ದದ್ದು, ನಾಯಿ ಬೊಗಳಿದ್ದು, ಮಗು ಅತ್ತದ್ದು, ಅದೆಲ್ಲ ಸದ್ದು. ಹೆಂಗಸರ ಬೆರಳು ನೋಡಿ ಯಂತ್ರ ಬುದ್ಧಿ ಕಲಿಯುತ್ತಿತ್ತು.

ಕೆಲಸಕ್ಕೆ ಸೇರಿದ ದಿನವೇ ನಿಯಮ ಹೇಳಿಕೊಟ್ಟಿದ್ದರು. ಸದ್ದು, ಕರೆಯಲ್ಲ ಅಂತಾದದ್ದು ವಾರ ಮುಗಿಯುವುದರೊಳಗೆ ಅಳಿಸಿಹೋಗುತ್ತದೆ. ಕರೆ ಅಂತಾದದ್ದು ಉಳಿಯುತ್ತದೆ, ಅವರವರ ಖಾತೆಗೆ ಸೇರುತ್ತದೆ. ದುಡಿಯುವ ಕೈಗೆ ಅರ್ಧ ನಿಯಮ ಸಾಕು. ಎಲ್ಲರ ತಲೆಯಲ್ಲಿ ಉಳಿದದ್ದು 'ಉಳಿಯುತ್ತದೆ' ಅನ್ನುವುದೊಂದೇ.

ಇನ್ನೊಂದು ನಿಯಮ ಮಾತ್ರ ಯಾರೂ ಮರೆಯುವಂತಿರಲಿಲ್ಲ: ಕಿವಿಗೆ ಬಿದ್ದದ್ದು ಬಾಯಿಗೆ ಬರಕೂಡದು. ಅದನ್ನು ಕಾಯುವುದಕ್ಕೆ ಒಬ್ಬ ಮೇಲ್ವಿಚಾರಕಿ. ತುಟಿಯ ಮೇಲೆ ಬೆರಳಿಟ್ಟುಕೊಂಡೇ ಹುಟ್ಟಿದವಳ ಹಾಗೆ ಓಡಾಡುತ್ತಿದ್ದ ಅವಳಿಗೆ ಹುಡುಗಿಯರು ಶ್ಶಮ್ಮ ಅಂತ ಹೆಸರಿಟ್ಟಿದ್ದರು. ಒಮ್ಮೆ ಯಾವುದೋ ಮನೆಯ ಗಿಣಿ, ಒಡತಿಯ ಗಂಟಲಲ್ಲೇ ಯಂತ್ರದ ಹೆಸರು ಕೂಗಿ ಕೂಗಿ ದೀಪ ಹಚ್ಚಿಸಿ ಆರಿಸಿ ಆಟವಾಡುತ್ತಿತ್ತು. ಪಕ್ಕದ ಕುರ್ಚಿಯ ಗೆಳತಿ ಕೈಯೆತ್ತಿದಳು: "ಮೇಡಂ, ಗಿಣಿ ಕರೆದರೆ ಅದು ಕರೆಯಾ, ಸದ್ದಾ?" ಶ್ಶಮ್ಮ ತೀರಾ ಗಂಭೀರವಾಗಿ ಯೋಚಿಸಿ, ಮಧ್ಯಾಹ್ನದ ಮೇಲೆ ತೀರ್ಪು ಕೊಟ್ಟಳು. "ಸದ್ದು. ಗಿಣಿ ಗ್ರಾಹಕ ಅಲ್ಲ."

ಆಮೇಲೆ ಎಷ್ಟೋ ದಿನ ಯಾರಾದರೂ ಮಾತಿನ ಮಧ್ಯೆ ಬಾಯಿ ಹಾಕಿದರೆ ಸಾಕು, "ಸುಮ್ನಿರೇ, ಗಿಣಿ ಗ್ರಾಹಕ ಅಲ್ಲ" ಅಂತ ಕೋಣೆಯೆಲ್ಲ ನಗುತ್ತಿತ್ತು. ಇವಳೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಅವಳಿಗೆ ಇದ್ದದ್ದು ಒಬ್ಬಳೇ ಅಕ್ಕ. ತಾಯಿ ಆಸ್ಪತ್ರೆಯ ಬಟ್ಟೆ ಒಗೆಯುವ ಮನೆಯಲ್ಲಿ ದುಡಿಯುತ್ತಿದ್ದವಳು, ಬೆಳಗ್ಗೆ ಹೋದರೆ ಕತ್ತಲಾದ ಮೇಲೆ ಕೈಬೆರಳು ನೆನೆದು ಸುಕ್ಕಾಗಿ ಮನೆಗೆ ಬರುತ್ತಿದ್ದಳು. ತಂಗಿಯನ್ನು ಸಾಕಿದ್ದು ಅಕ್ಕನೇ. ತಲೆ ಬಾಚಿದ್ದು, ಮೂಗು ಒರೆಸಿದ್ದು, ಶಾಲೆಗೆ ಎಳೆದುಕೊಂಡು ಹೋದದ್ದು. ಯಾರು ಮನೆಗೆ ಬಂದರೂ ಬಾಗಿಲ ಸಂದಿಯಿಂದ ಅರ್ಧ ಮುಖ ಹೊರಗೆ ಹಾಕಿ ನೋಡುವ ಮಗುವಿಗೆ ಅಕ್ಕ ಇಟ್ಟ ಹೆಸರು ಇಣುಕಿ. ಅದು ಇಬ್ಬರ ನಡುವಿನ ಹೆಸರು. ತಾಯಿಯೂ ಹಾಗೆ ಕರೆದವಳಲ್ಲ. ಮಲಗಿದ ಮೇಲೆ ಅಕ್ಕ ಕೇಳುತ್ತಿದ್ದಳು, "ಇಣುಕೀ, ನಿದ್ದೆ ಬಂತೇನೇ?" ಇವಳು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, "ಬಂತು!" ಅನ್ನಬೇಕು. ನಿದ್ದೆ ಬಂದವಳು ಬಂತು ಅನ್ನುತ್ತಾಳೇನೇ ಕಳ್ಳಿ, ಅಂತ ಅಕ್ಕ ನಗುತ್ತಿದ್ದಳು. ಆ ನಗು ಕೇಳಿಯೇ ಇವಳಿಗೆ ನಿಜವಾದ ನಿದ್ದೆ ಬರುತ್ತಿದ್ದದ್ದು.

ಅಕ್ಕನನ್ನು ಕೈಹಿಡಿದವನು ಕನ್ನಡಕದ ಅಂಗಡಿಯವನು. ಮೃದುಭಾಷಿ. ಆ ಬೀದಿಯ ಅರ್ಧ ಜನ ಲೋಕ ನೋಡುತ್ತಿದ್ದದ್ದೇ ಅವನು ಕೊಟ್ಟ ಗಾಜಿನಲ್ಲಿ. ಮುದುಕಿಯರ ಗಲ್ಲ ಹಿಡಿದು, "ಈಗ ಓದಿ ಅಜ್ಜಿ, ಮೇಲಿನ ಸಾಲು" ಅನ್ನುವಾಗ ಎಂಥವರಿಗೂ ಮಗನ ನೆನಪಾಗಬೇಕು. ಮದುವೆಯಾದ ಸ್ವಲ್ಪ ದಿನಕ್ಕೆ ಅಕ್ಕನ ಫೋನು 'ನಮ್ಮ ಫೋನು' ಆಯಿತು. ಅಕ್ಕ ಮಾತಾಡುವಾಗ ಸ್ಪೀಕರ್ ಹಾಕಿರುತ್ತಿತ್ತು, ಪಕ್ಕದಲ್ಲಿ ಭಾವ ಇರುತ್ತಿದ್ದ. ಅಕ್ಕನ ಧ್ವನಿಯೂ ಬದಲಾಯಿತು. ತೆಳ್ಳಗೆ, ಎತ್ತರಕ್ಕೆ, ಹಾಡಿದ ಹಾಗೆ. "ನಾವು ಚೆನ್ನಾಗಿದ್ದೀವಿ. ನೀನು?" ಅಷ್ಟೇ. ಒಮ್ಮೆ ಇವಳು ಹೋದಾಗ ಅಕ್ಕ ಮನೆಯೊಳಗೇ ಕಪ್ಪು ಗಾಜಿನ ಕನ್ನಡಕ ಹಾಕಿಕೊಂಡಿದ್ದಳು. ಕಣ್ಣು ಬಂದಿದೆ, ಅಂದಳು. "ಕನ್ನಡಕದವನ ಹೆಂಡತಿಗೇ ಕಣ್ಣು ಬಂದರೆ ಅಂಗಡಿ ಮಾನ ಏನಾಗಬೇಕು ಹೇಳು!" ಅಂದ ಭಾವ. ಮೂವರೂ ನಕ್ಕರು.

ಇತ್ತ ಕೆಲಸದ ಕೋಣೆಯಲ್ಲಿ ಗುಟುಕುಗಳಿಗೆ ಹೆಸರಿಲ್ಲ, ವಿಳಾಸವಿಲ್ಲ. ಆದರೆ ಪಳಗಿದ ಕಿವಿ ಮನೆಗಳನ್ನು ಗುರುತು ಹಿಡಿಯುತ್ತದೆ. ನಲ್ಲಿ ತೊಟ್ಟಿಕ್ಕುವ ಮನೆ, ಮುದುಕ ಗೊರಕೆ ಹೊಡೆಯುವ ಮನೆ. ಹಾಗೇ ಒಂದು 'ಹಾಡಿನ ಮನೆ' ಇತ್ತು. ಅಲ್ಲಿಂದ ಬರುತ್ತಿದ್ದದ್ದು ಕಿವಿ ಗಡಚಿಕ್ಕುವಷ್ಟು ಜೋರು ಹಾಡು, ಅದರ ಹಿಂದೆ ಬಾಗಿಲೊಂದು ಕಿರುಗುಟ್ಟುವುದು, ಆಮೇಲೆ ಧೊಪ್ಪೆಂದು ಏನೋ ಬಿದ್ದದ್ದು, ಒಂದು ಉಸಿರು. ಮಾತಿಲ್ಲ. ಸಾಮಾನು ಜರುಗಿಸ್ತಾರೇನೋ, ಅಂತ ಪಕ್ಕದ ಕುರ್ಚಿಯವಳು ಅನ್ನುತ್ತಿದ್ದಳು. ಇವಳು ಎಷ್ಟು ಸಲ ಸದ್ದು ಅಂತ ಒತ್ತಿದ್ದಳೋ ಅವಳಿಗೇ ಗೊತ್ತಿಲ್ಲ.

ಒಂದು ದಿನ ಊಟ ಮುಗಿಸಿ ಬಂದು ಕೂತಾಗ ಆ ಬಾಗಿಲು ಕಿರುಗುಟ್ಟಿತು. ಹಾಡು ಇರಲಿಲ್ಲ. ಯಾರೋ ಮೂಗು ಒರೆಸಿಕೊಂಡರು. ಆಮೇಲೆ ಒಂದು ತಗ್ಗಿದ, ದಣಿದ ಧ್ವನಿ.

"ಇಣುಕೀ... ನಿದ್ದೆ ಬಂತೇನೇ?"

"ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ" ಅಂತು ಯಂತ್ರ.

"ಬಂತು ಅನ್ನೇ. ಒಂದೇ ಒಂದ್ಸಲ ಬಂತು ಅನ್ನು, ಸಾಕು. ಇವತ್ತು ಪಕ್ಕೆ ತುಂಬಾ ನೋಯ್ತಿದೆ ಕಣೆ. ಉಸಿರು ತಗೊಂಡ್ರೆ ಚುಚ್ಚುತ್ತೆ. ಅವರಿಗೆ ಹೇಳಬೇಡ, ಆಯ್ತಾ?"

"ಕ್ಷಮಿಸಿ, ನನಗೆ..."

ಗುಟುಕು ಅಲ್ಲಿಗೆ ಮುಗಿಯಿತು.

ಅವಳು ಫೋನಿನ ತೆಳ್ಳನೆಯ ಧ್ವನಿಯನ್ನೇ ಅಕ್ಕ ಅಂದುಕೊಂಡು ವರ್ಷಗಳೇ ಆಗಿದ್ದವು. ಇದು ಅದಲ್ಲ, ಇದು ತಲೆ ಬಾಚುತ್ತಿದ್ದ ಧ್ವನಿ. ಮತ್ತೆ ಕೇಳಿದಳು. ಮತ್ತೆ ಕೇಳಿದಳು. ಹಾಡು, ಬಾಗಿಲು, ಧೊಪ್ಪೆಂದದ್ದು ಎಲ್ಲ ಒಂದರ ಹಿಂದೊಂದು ನೆನಪಿಗೆ ಬಂದು ನಿಂತವು. ಅಕ್ಕನ ಮೈಮೇಲೆ ಬಿದ್ದ ಒಂದೊಂದು ಏಟಿಗೂ ಇಲ್ಲಿ ಕೂತು, ಚೊಕ್ಕವಾಗಿ, ತಪ್ಪಿಲ್ಲದೆ, ಸದ್ದು ಅಂತ ಮುದ್ರೆ ಒತ್ತಿದವಳು ಅವಳೇ.

ಎದ್ದು ಶ್ಶಮ್ಮನ ಗಾಜಿನ ಗೂಡಿಗೆ ಹೋದಳು. "ಮೇಡಂ, ಅದು ನಮ್ಮಕ್ಕ."

"ಇಲ್ಲಿ ಯಾರಿಗೂ ಅಕ್ಕ ಇಲ್ಲಮ್ಮ, ತಂಗಿ ಇಲ್ಲ. ಗ್ರಾಹಕ ಇದ್ದಾನೆ, ಅಷ್ಟೇ."

"ಅವಳನ್ನ ಹೊಡೀತಿದ್ದಾನೆ. ನಾನು ಕಿವಿಯಾರೆ ಕೇಳಿದೆ."

ಶ್ಶಮ್ಮ ಕೆಟ್ಟವಳೇನಲ್ಲ. ಬಾಗಿಲು ಮುಚ್ಚಿ, ದನಿ ತಗ್ಗಿಸಿ ಹೇಳಿದಳು: "ನೀನು ಇದನ್ನ ಹೇಳಲಿಲ್ಲ, ನಾನು ಕೇಳಲಿಲ್ಲ. ಬೇರೆಯವರ ಮನೆ ಒಳಗಿನ ಮಾತು ಹೊರಗೆ ಹೋಯ್ತು ಅಂತಾದರೆ ನಿನ್ನ ಕೆಲಸಾನೂ ಹೋಗುತ್ತೆ, ನನ್ನದೂ ಹೋಗುತ್ತೆ, ಆಮೇಲೆ ಕೋರ್ಟು ಕಚೇರಿ. ಆ ಗುಟುಕು ತಾನಾಗೇ ಅಳಿಸಿಹೋಗುತ್ತೆ. ಬಿಟ್ಟುಬಿಡು."

"ಅಳಿಸಿಹೋದರೆ ಸಾಕ್ಷಿ ಎಲ್ಲಿರುತ್ತೆ ಮೇಡಂ?"

"ಅಳಿಸೋದೇ ಕಾನೂನು. ಜನರ ಗುಟ್ಟು ಕಾಯೋಕೆ ತಾನೇ ಕಾನೂನು ಮಾಡಿರೋದು?"

ಅವಳು ವಾಪಸು ಬಂದು ಕುರ್ಚಿಯಲ್ಲಿ ಕೂತಳು. ಹೊರಗಿನವರಿಗಾದರೆ ದಾರಿ ತೋಚುತ್ತಿರಲಿಲ್ಲ. ಆ ಕೋಣೆಯ ಹೆಂಗಸರಿಗೆ ಮಾತ್ರ ಗೊತ್ತು, ಒಂದು ಗುಟುಕನ್ನು ಉಳಿಸಿಕೊಳ್ಳುವ ದಾರಿ ಒಂದೇ. ಬೆರಳು ಮೊದಲನೆಯ ಗುಂಡಿಯ ಮೇಲೆ ಹೋಯಿತು. ಅಲ್ಲಾ, ಸುಳ್ಳೇನಿದೆ ಅದರಲ್ಲಿ? ಅಕ್ಕ ಕರೆದಿರಲಿಲ್ಲವೇ? ಹೆಸರು ಹಿಡಿದು ಕರೆದಿದ್ದಳಲ್ಲ. ಕರೆ ಅಂತ ಒತ್ತಿದಳು. ಆ ಕೆಲಸಕ್ಕೆ ಸೇರಿದಾಗಿನಿಂದ ಇಷ್ಟು ಸರಿಯಾಗಿ ಒಂದು ಗುಂಡಿ ಒತ್ತಿದ್ದೇ ಇಲ್ಲ ಅನ್ನಿಸಿತು ಅವಳಿಗೆ.

ಮಾರನೆಯ ದಿನ ರಜೆ ಹಾಕಿ ವಕೀಲೆಯ ಹತ್ತಿರ ಹೋದಳು. ಚಪ್ಪಲಿ ಅಂಗಡಿಯ ಮೇಲಿನ ಮಹಡಿ, ಮೆಟ್ಟಿಲಲ್ಲೆಲ್ಲ ಹೊಸ ಚರ್ಮದ ವಾಸನೆ. ವಕೀಲೆ ನಡುವಯಸ್ಸಿನವಳು, ಮಾತು ಕತ್ತರಿ ಹಾಕಿದ ಹಾಗೆ. ಪೂರ್ತಿ ಕೇಳಿಸಿಕೊಂಡು ಕೇಳಿದಳು:

"ಧ್ವನಿ ಯಾರದು?"

"ನಮ್ಮಕ್ಕಂದು."

"ಯಂತ್ರದ ಖಾತೆ ಯಾರ ಹೆಸರಲ್ಲಿದೆ?"

"ಭಾವನ ಹೆಸರಲ್ಲೇ ಇರಬೇಕು. ಆ ಮನೇಲಿ ಎಲ್ಲಾನೂ ಅವನ ಹೆಸರಲ್ಲೇ ಇರೋದು."

"ಹಾಗಾದರೆ ಆ ರೆಕಾರ್ಡಿಂಗು ನಿಮ್ಮ ಭಾವನ ಸ್ವತ್ತು."

"ಅಕ್ಕನ ಬಾಯಿಂದ ಬಂದ ಮಾತು ಭಾವನ ಸ್ವತ್ತು ಹೇಗಾಗುತ್ತೆ ಮೇಡಂ?"

"ಹಸು ಯಾರದಾದರೂ ಆಗಲಿ, ಹಾಲು ಚೊಂಬು ಹಿಡಿದವನದು. ಬರೆದಿಟ್ಟಿರೋದೇ ಹಾಗೆ, ನಾನೇನು ಮಾಡಲಿ? ನೀವು ಅದನ್ನ ಹೊರಗೆ ತಂದರೆ ಕಳ್ಳತನ. ಬಾಯಿಬಿಟ್ಟು ಹೇಳಿದರೆ ಕರಾರು ಮುರಿದ ಹಾಗೆ." ಆಮೇಲೆ ಅವಳ ಮುಖ ನೋಡಿ ಸ್ವಲ್ಪ ಮೆತ್ತಗಾದಳು. "ಒಂದು ದಾರಿ ಇದೆ. ಅಕ್ಕನೇ ಬಂದು ದೂರು ಕೊಡಲಿ. ಆಗ ನ್ಯಾಯಾಲಯದಿಂದಲೇ ಕಂಪನಿಗೆ ಹೇಳಿಸಿ ತರಿಸಬಹುದು. ಅಲ್ಲಿಯವರೆಗೆ ಗಂಡನಿಗೆ ಸುಳಿವು ಸಿಗಬಾರದು, ಅಷ್ಟೇ. ರೆಕಾರ್ಡಿಂಗು ಉಳಿದಿರುತ್ತಾ?"

"ಉಳಿದಿರುತ್ತೆ ಮೇಡಂ. ನಾನು ಕರೆ ಅಂತ ಒತ್ತಿದ್ದೀನಲ್ಲ."

"ಹಾಗಂದರೆ?"

"ಕರೆ ಅಂತ ಒತ್ತಿದರೆ ಅಳಿಸಲ್ಲ. ಅದು ಅವರವರ ಖಾತೆಗೆ ಸೇರಿ..."

ವಕೀಲೆ ಪೆನ್ನು ಕೆಳಗಿಟ್ಟಳು.

"ಖಾತೆದಾರನಿಗೆ ಕಾಣಿಸುತ್ತಾ?"

ಅವಳು ತಲೆಯಾಡಿಸಿದಳು. "ಫೋನಲ್ಲಿ. ನೀವು ಕರೆದದ್ದು ಅಂತ ಬರುತ್ತೆ. ಮುಟ್ಟಿದರೆ ಕೇಳಿಸುತ್ತೆ."

ಕೆಳಗೆ ಅಂಗಡಿಯಲ್ಲಿ ಯಾರೋ ಚಪ್ಪಲಿ ಬಿಗಿ ಅಂತ ಜಗಳ ತೆಗೆದಿದ್ದರು.

ಅಕ್ಕನ ಮನೆಗೆ ಅವಳು ಹೇಗೆ ಮುಟ್ಟಿದಳೋ ಅವಳಿಗೇ ನೆನಪಿಲ್ಲ. ಬಾಗಿಲು ತೆಗೆದವನು ಭಾವ. ಕಿರುಗುಟ್ಟಿತು ಬಾಗಿಲು.

"ಓ! ಬಾರಮ್ಮ, ಇಣುಕಿ."

ಆ ಹೆಸರನ್ನು ಇನ್ನೊಂದು ಬಾಯಲ್ಲಿ ಅವಳು ಕೇಳಿದ್ದು ಅದೇ ಮೊದಲು. ತಾನು ಉಟ್ಟ ಬಟ್ಟೆಯನ್ನು ಬೇರೆ ಯಾರೋ ಉಟ್ಟುಕೊಂಡು ಎದುರಿಗೆ ನಿಂತ ಹಾಗಾಯಿತು. ಭಾವ ಅಂಗಡಿಗೆ ಹೋಗಿರಲಿಲ್ಲ. ಕುರ್ಚಿ ಎಳೆದು ಕೂರಿಸಿದ, ನೀರು ಕೊಟ್ಟ. ಗೋಡೆಯ ಹಲಗೆಯ ಮೇಲೆ ಬೋರಲು ಲೋಟದಂಥ ಯಂತ್ರ ಸುಮ್ಮನೆ ಕೂತಿತ್ತು. ಒಳಗಿಂದ ಅಕ್ಕ ಗೋಡೆ ಹಿಡಿದುಕೊಂಡು ಬಂದು, ಒಂದು ಪಕ್ಕಕ್ಕೆ ವಾಲಿ, ಗಾಜಿನ ಸಾಮಾನು ಇಳಿಸಿದ ಹಾಗೆ ತನ್ನನ್ನು ತಾನೇ ಇಳಿಸಿಕೊಂಡು ಕೂತಳು. ಕಪ್ಪು ಕನ್ನಡಕ.

"ಏನಮ್ಮ ದಿಢೀರಂತ?" ಅಂದ ಭಾವ.

ಸುಳಿವು ಕೊಡಬಾರದು ಅಂತ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಆದರೆ ಅಕ್ಕ ಕೂತ ರೀತಿ ನೋಡಿದ ಮೇಲೆ ನಾಲಿಗೆ ಮಾತು ಕೇಳಲಿಲ್ಲ. "ಅಕ್ಕನ ಪಕ್ಕೆ ಹೇಗಿದೆ ಭಾವ?"

ಭಾವ ತನ್ನ ಕನ್ನಡಕ ತೆಗೆದು, ಅಂಚಿನಿಂದ ಅಂಚಿಗೆ ನಿಧಾನವಾಗಿ ಒರೆಸಿದ. "ಪಕ್ಕೆ ವಿಷಯ ನಿನಗೆ ಯಾರು ಹೇಳಿದರು?" ಅಕ್ಕನ ಕಡೆ ನೋಡಿದ, ಯಂತ್ರದ ಕಡೆ ನೋಡಿದ, ಆಮೇಲೆ ಇವಳ ಕಡೆ. ಸಣ್ಣಗೆ ನಕ್ಕ. "ಓಹೋ. ಕೇಳೋ ಕೆಲಸ ಅಂತಿದ್ದೆ, ಅಲ್ವಾ?" ಎದ್ದು, ಫೋನು ತಗೊಂಡು, ಒಳಕೋಣೆಗೆ ಹೋಗಿ ಕಂಪನಿಯ ದೂರಿನ ವಿಭಾಗದ ಜೊತೆ ಅತ್ಯಂತ ಸಭ್ಯವಾಗಿ ಮಾತಾಡತೊಡಗಿದ.

ಇವಳು ಅಕ್ಕನ ಕೈ ಹಿಡಿದಳು. "ಅಕ್ಕಾ, ಎದ್ದೇಳು. ಈಗಲೇ ಹೋಗೋಣ, ನಡಿ. ಒಂದು ದೂರು ಕೊಟ್ಟರೆ ಸಾಕಂತೆ."

"ಎಲ್ಲಿಗೆ ಬರ್ಲೇ? ನಿನ್ನ ಒಂದು ಕೋಣೆ ಮನೆಗಾ? ಅದರ ದಾರಿ ಅವರಿಗೆ ಗೊತ್ತಿಲ್ವಾ?"

"ನಾನಿದ್ದೀನಲ್ಲ."

ಅಕ್ಕ ಕೈ ಬಿಡಿಸಿಕೊಂಡಳು. "ನಿನಗೆ ಹೇಳಿದ್ದಲ್ಲ ಕಣೆ ನಾನು. ಯಾರಿಗೂ ಕೇಳಿಸಲ್ಲ ಅಂತ ಅದಕ್ಕೆ ಹೇಳ್ಕೋತಿದ್ದೆ. ನನ್ನದು ಅಂತ ಈ ಮನೇಲಿ ಅದೊಂದಿತ್ತು."

"ಅಕ್ಕಾ, ನೀನು ನನ್ನ ಹೆಸರು ಹಿಡಿದು ಕರೆದೆ."

"ಕರೆದೆ. ನೀನು ಬರಲ್ಲ ಅನ್ನೋ ಧೈರ್ಯದ ಮೇಲೆ ಕರೆದೆ."

ಒಳಗೆ ಭಾವ, "ಹೌದು ಸಾರ್, ಮರ್ಯಾದಸ್ಥರ ಮನೆ ಸಾರ್" ಅನ್ನುತ್ತಿದ್ದದ್ದು ಕೇಳುತ್ತಿತ್ತು.

ಆಮೇಲೆ ಎಲ್ಲ ಕಾನೂನಿನ ಪ್ರಕಾರವೇ ನಡೆಯಿತು. ಅವಳ ಕೆಲಸ ಹೋಯಿತು. ಶ್ಶಮ್ಮನದೂ ಹೋಯಿತು. ಭಾವನ ಮನೆಯ ಹತ್ತಿರ ಸುಳಿಯಬಾರದು, ಅಲ್ಲಿ ಕೇಳಿದ್ದನ್ನು ಎಲ್ಲೂ ಆಡಬಾರದು ಅಂತ ನೋಟೀಸು ಬಂತು. ಅವಳು ಅದನ್ನು ಲೆಕ್ಕಿಸದೆ ಠಾಣೆಗೆ ಹೋಗಿ ಎಲ್ಲ ಹೇಳಿದಳು. ಒಬ್ಬ ವಯಸ್ಸಾದ ಪೊಲೀಸಿನವನು ಪಾಪ ಅನ್ನಿಸಿ ಅಕ್ಕನ ಮನೆಗೂ ಹೋಗಿ ಬಂದ. ಅಕ್ಕ ಹೊಸ್ತಿಲ ಮೇಲೆ ನಿಂತು, ಆ ತೆಳ್ಳನೆಯ ಧ್ವನಿಯಲ್ಲಿ, ನಾವು ಚೆನ್ನಾಗಿದ್ದೀವಿ ಅಂದಳಂತೆ. "ಆ ಮನುಷ್ಯ ಹಾಗೆ ಕಾಣಲ್ಲಮ್ಮ" ಅಂತ ಇವಳಿಗೆ ಸಮಾಧಾನ ಹೇಳುವಾಗ ಪೊಲೀಸಿನವನು ಕನ್ನಡಕ ಸರಿಮಾಡಿಕೊಂಡ. ಅದೂ ಆ ಅಂಗಡಿಯದೇ.

ರೆಕಾರ್ಡಿಂಗು? ಖಾತೆದಾರ ಅಳಿಸಿ ಅಂದ, ಕಂಪನಿ ಅಳಿಸಿತು. ಜೊತೆಗೆ ಒಂದು ಕ್ಷಮೆಯನ್ನೂ ಕೇಳಿತು: ನಿಮ್ಮ ಮನೆಯ ಖಾಸಗಿತನ ನಮಗೆ ಅಮೂಲ್ಯ, ಅದಕ್ಕೆ ಧಕ್ಕೆ ಬಂದದ್ದಕ್ಕೆ ವಿಷಾದಿಸುತ್ತೇವೆ, ಅಂತ. ಭಾವ ಅದನ್ನು ಅಂಗಡಿಗೆ ಬಂದವರಿಗೆಲ್ಲ ಫೋನಿನಲ್ಲಿ ತೋರಿಸಿದ. ಎಂಥ ನಾದಿನಿನಪ್ಪಾ, ಅಂತ ಜನ ಲೊಚಗುಟ್ಟಿದರು. ಸುದ್ದಿ ಇವಳ ಬೀದಿಗೂ ಬಂತು. ದರ್ಜಿಯ ಹೆಂಡತಿ ಇವಳನ್ನು ಕಂಡರೆ ಕಿಟಕಿ ಎಳೆದುಕೊಳ್ಳುತ್ತಿದ್ದಳು. "ಗೋಡೆಗೆ ಕಿವಿ ಇರುತ್ತೆ ಅಂತ ಕೇಳಿದ್ದೆ. ಎದುರುಮನೆಗೇ ಇದೆ ಅಂತ ಗೊತ್ತಿರಲಿಲ್ಲಮ್ಮ" ಅಂತ, ಇವಳಿಗೆ ಕೇಳಿಸಲಿ ಅಂತಲೇ ಅಂದಳು. ವಕೀಲೆಯ ಹತ್ತಿರ ಮತ್ತೆ ಹೋದಾಗ ಅವಳು ಹೇಳಿದ್ದು ಒಂದೇ ಮಾತು: "ಅವರು ಬಾಯಿ ಬಿಡದೆ ನನ್ನ ಕೈ ಕಟ್ಟಿದೆಯಮ್ಮ."

ಪಕ್ಕದ ಕುರ್ಚಿಯ ಗೆಳತಿ ಒಂದು ಸಲ ತರಕಾರಿ ಅಂಗಡಿಯಲ್ಲಿ ಸಿಕ್ಕಳು. ಆಚೀಚೆ ನೋಡಿ, ಈರುಳ್ಳಿ ಆರಿಸುತ್ತಾ, ತಲೆಯೆತ್ತದೆ ಹೇಳಿದಳು. "ಹಾಡಿನ ಮನೆಯಿಂದ ಈಗ ಏನೂ ಬರ್ತಿಲ್ಲ ಕಣೆ. ನಮ್ಮ ಮನೆ ಸದ್ದು ಯಾರೂ ಕೇಳಕೂಡದು ಅಂತ ಒಂದು ಸೌಕರ್ಯ ಇದೆಯಲ್ಲ, ಅದನ್ನ ಹಾಕಿಸಿಕೊಂಡಿದ್ದಾನಂತೆ."

"ಯಂತ್ರ?"

"ಯಂತ್ರ ಅಲ್ಲೇ ಇದೆಯಂತೆ."

ಈಗ ಅವಳು ಆಸ್ಪತ್ರೆಯ ಬಟ್ಟೆ ಒಗೆಯುವ ಮನೆಯಲ್ಲಿದ್ದಾಳೆ, ತಾಯಿ ದುಡಿದ ಜಾಗದಲ್ಲೇ. ಒಗೆಯುವ ಯಂತ್ರಗಳು ಹಗಲೆಲ್ಲ ಮೊರೆಯುತ್ತವೆ. ಅಲ್ಲಿ ಯಾರ ಮಾತೂ ಯಾರಿಗೂ ಕೇಳಿಸದು. ಹಾಸಿಗೆ ಬಟ್ಟೆಗಳಲ್ಲಿ ರಕ್ತದ ಕಲೆ ಕಂಡರೆ ಬೇರೆ ತೆಗೆದಿಡಬೇಕು. ಅವಳು ತೆಗೆದಿಡುತ್ತಾಳೆ. ಯಾರದು ಅಂತ ಕೇಳುವ ಕೆಲಸ ಅವಳದಲ್ಲ.

ಆಗೊಮ್ಮೆ ಈಗೊಮ್ಮೆ ಅಕ್ಕನ ಫೋನು ಬರುತ್ತದೆ. ಹತ್ತಿರ ಸುಳಿಯಬಾರದು ಅಂತ ನೋಟೀಸು ಕಳಿಸಿದವನೇ ಕರೆ ಹಚ್ಚಿಕೊಡುತ್ತಾನೆ. ತನ್ನ ಮನೆಯಲ್ಲಿ ಮುಚ್ಚುಮರೆಯಿಲ್ಲ ಅಂತ ಲೋಕಕ್ಕೆ ತೋರಬೇಕಲ್ಲ. ಸ್ಪೀಕರ್ ಹಾಕಿರುತ್ತದೆ. ಹೋದ ಸಲ ಬಂದಾಗ ಅವಳು ಒದ್ದೆ ಬಟ್ಟೆಯ ರಾಶಿ ಬಿಟ್ಟು, ಹೊರಗೆ ಗೋಡೆಯ ಮಗ್ಗುಲಿಗೆ ಓಡಿಬಂದು ಫೋನನ್ನು ಕಿವಿಗೆ ಒತ್ತಿಕೊಂಡಳು.

"ನಾವು ಚೆನ್ನಾಗಿದ್ದೀವಿ" ಅಂತು ತೆಳ್ಳನೆಯ ಧ್ವನಿ. "ನೀವು ಚೆನ್ನಾಗಿದ್ದೀರಾ?"

ನೀವು. ಅಂಗಡಿಗೆ ಬಂದವರನ್ನು ಕೇಳುವ ಹಾಗೆ.

ಅವಳು ಆ ಧ್ವನಿಯ ಹಿಂದೆ ಕಿವಿಗೊಟ್ಟಳು. ಹಾಡು ಇರಲಿಲ್ಲ. ಬಾಗಿಲು ಕಿರುಗುಟ್ಟಲಿಲ್ಲ. ಯಾರೋ ಬಟ್ಟೆಯಿಂದ ಗಾಜು ಒರೆಸುತ್ತಿರುವ ಮೆತ್ತನೆಯ ಸದ್ದು ಮಾತ್ರ, ಅಂಚಿನಿಂದ ಅಂಚಿಗೆ. ಅವಳಿಗೆ ತಡೆಯಲಾಗಲಿಲ್ಲ.

"ಬಂತು ಅಕ್ಕಾ" ಅಂದಳು. "ನಿದ್ದೆ ಬಂತು."

ಆ ಕಡೆ ಉಸಿರು ಎಳೆದುಕೊಂಡದ್ದು ಕೇಳಿಸಿತು, ಅರ್ಧಕ್ಕೇ ನಿಂತಿತು, ಚುಚ್ಚಿದ ಹಾಗೆ. ಆಮೇಲೆ ಅಕ್ಕ ಅಂದಳು:

"ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ."

ಫೋನು ಕಟ್ಟಾಯಿತು. ಒಳಗಿಂದ ಯಾರೋ ಅವಳನ್ನು ಕೂಗುತ್ತಿದ್ದರು. ಯಂತ್ರಗಳ ಮೊರೆತದಲ್ಲಿ ಅವಳಿಗದು ಕೇಳಿಸಲಿಲ್ಲ.